ನೀರು ಸಿಗದ ಬಾವಿ

ಸೈಬೀರಿಯಾದ ಲೇನಾ ನದಿಯ ದಡದಲ್ಲಿರುವ ಯಾಕುತ್ಸ್ಕ್ ಊರಿನಲ್ಲಿ ಫ್ಯೋದರ್ ಶೆರ್ಗಿನ್ ಎಂಬ ವ್ಯಾಪಾರಿಯಿದ್ದ. ಅಲಾಸ್ಕಾ ಆಗ ರಷ್ಯಾದ ಕೈಯಲ್ಲಿತ್ತು. ಅಲ್ಲಿನ ತುಪ್ಪಳದ ವ್ಯಾಪಾರ ನಡೆಸುತ್ತಿದ್ದ ರಷ್ಯನ್-ಅಮೆರಿಕನ್ ಕಂಪನಿಯ ಯಾಕುತ್ಸ್ಕ್ ಕಚೇರಿಯ ಉಸ್ತುವಾರಿ ಅವನದು. 1820ರ ದಶಕದ ಕೊನೆಯಲ್ಲಿ ಅವನು ತನ್ನ ಅಂಗಳದಲ್ಲಿ ಬಾವಿ ತೋಡಿಸಲು ಹೊರಟ. ನದಿ ಹತ್ತಿರದಲ್ಲೇ ಇದ್ದರೂ ವರ್ಷದಲ್ಲಿ ಏಳು ತಿಂಗಳು ಮಂಜುಗಡ್ಡೆಯಾಗಿರುವ ನದಿ ಅದು. ಮನೆಯ ಮುಂದೊಂದು ಬಾವಿಯಿದ್ದರೆ ಒಳ್ಳೆಯದು ಎಂದು ಯಾರಿಗಾದರೂ ಅನ್ನಿಸುವಂಥದ್ದೇ.

ಎರಡಾಳು ಆಳ ಹೋದರು, ಐದಾಳು ಹೋದರು, ಹತ್ತಾಳು ಹೋದರು. ಒರತೆಯ ಸುಳಿವಿಲ್ಲ. ಮಣ್ಣು ಒದ್ದೆಯೂ ಇಲ್ಲ, ಒಣಗಿಯೂ ಇಲ್ಲ. ಕಲ್ಲಿನ ಹಾಗೆ ಗಟ್ಟಿ, ಮುಟ್ಟಿದರೆ ಕೈ ಸೆಟೆಯುವಷ್ಟು ಚಳಿ. ನೀರು ಇರಲಿಲ್ಲವೆಂದಲ್ಲ, ಇದ್ದ ನೀರೆಲ್ಲ ಮಣ್ಣಿನ ಕಣಗಳ ನಡುವೆ ಮಂಜುಗಡ್ಡೆಯಾಗಿ ಕೂತಿತ್ತು. ಶೆರ್ಗಿನ್ ಕೈಬಿಡುವ ಯೋಚನೆಯಲ್ಲಿದ್ದಾಗ ಅಲಾಸ್ಕಾದ ಆಡಳಿತ ವಹಿಸಿಕೊಳ್ಳಲು ಹೊರಟಿದ್ದ ನೌಕಾಧಿಕಾರಿ ಫೆರ್ಡಿನಾಂಡ್ ವ್ರಾಂಗೆಲ್ ಆ ದಾರಿಯಾಗಿ ಬಂದ. ಧ್ರುವಪ್ರದೇಶವನ್ನು ಸುತ್ತಿ ಬಂದಿದ್ದ ಅವನಿಗೆ ಈ ಬಾವಿಯ ಬೆಲೆ ಗೊತ್ತಾಯಿತು. ನೀರಿನ ಮಾತು ಬಿಡು, ಈ ಹೆಪ್ಪು ಎಲ್ಲಿಯವರೆಗಿದೆ ನೋಡೋಣ, ತೋಡಿಸು ಎಂದು ಹುರಿದುಂಬಿಸಿದ. ಶೆರ್ಗಿನ್ ತೋಡಿಸಿದ. 1837ರಲ್ಲಿ ಕೆಲಸ ನಿಂತಾಗ ಬಾವಿಯ ಆಳ 116 ಮೀಟರ್, ಸುಮಾರು ಎಪ್ಪತ್ತಾಳು. ತಳದ ಮಣ್ಣೂ ಹೆಪ್ಪುಗಟ್ಟಿಯೇ ಇತ್ತು.

ಭೂಮಿಯ ಉತ್ತರದ ನೆಲ ಈಗ ಕರಗುತ್ತಿರುವ ಕಥೆಯನ್ನು ನಾನು ಈ ಬಾವಿಯಿಂದ ಶುರುಮಾಡಲು ಕಾರಣವಿದೆ. ನೆಲ ಕರಗಿದೆಯೇ ಎಂದು ತಿಳಿಯಬೇಕಾದರೆ ಮೊದಲು ಅದು ಎಷ್ಟು ತಣ್ಣಗಿತ್ತು ಎಂದು ಯಾರಾದರೂ ಅಳೆದಿಟ್ಟಿರಬೇಕು. ಹಾಗೆ ಆಳಕ್ಕಿಳಿದು ಅಳೆದ ಮೊದಲ ಲೆಕ್ಕ ಹುಟ್ಟಿದ್ದು ಈ ಅಂಗಳದಲ್ಲಿ.

ಅಲ್ಲಿನವರಿಗೆ ಇದು ಹೊಸ ಸುದ್ದಿಯಾಗಿರಲಿಲ್ಲ. 1632ರಲ್ಲಿ ಕಸಾಕ್ ಸೈನಿಕರು ಲೇನಾ ದಡದಲ್ಲಿ ಮರದ ಕೋಟೆ ಕಟ್ಟಿದ ಕೆಲವೇ ವರ್ಷಗಳಲ್ಲಿ, ಇಲ್ಲಿ ನಡುಬೇಸಿಗೆಯಲ್ಲೂ ನೆಲ ಪೂರ್ತಿ ಕರಗುವುದಿಲ್ಲ, ಬೇಸಾಯದ ಆಸೆ ಬೇಡ ಎಂದು ಅಧಿಕಾರಿಗಳು ಮಾಸ್ಕೋದ ತ್ಸಾರನಿಗೆ ಬರೆದು ತಿಳಿಸಿದ್ದರು. ಅವರಿಗಿಂತ ಮೊದಲೇ ಅಲ್ಲಿದ್ದವರು ಸಖಾ ಜನ. ರಷ್ಯನ್ನರು ಅವರನ್ನು ಯಾಕುತ್ ಎಂದು ಕರೆದರು. ದನ, ಕುದುರೆ ಸಾಕುವ ಈ ಜನರಿಗೆ ನೆಲದ ಗುಣ ಚೆನ್ನಾಗಿ ಗೊತ್ತಿತ್ತು. ಬೇಸಿಗೆಯಲ್ಲಿ ಮಾಂಸ, ಹಾಲು ಕೆಡದಂತೆ ಇಡಲು ನೆಲದಲ್ಲಿ ನೆಲಮಾಳಿಗೆ ಕೊರೆಯುತ್ತಿದ್ದರು, ಅದರ ಹೆಸರು ಬುಲುಸ್. ಕುಡಿಯುವ ನೀರಿಗೆ ಬಾವಿಯ ಗೊಡವೆಯೇ ಇಲ್ಲ. ಚಳಿಗಾಲ ಶುರುವಾಗುತ್ತಲೇ ಕೆರೆಯ ಮಂಜುಗಡ್ಡೆಯನ್ನು ಇಟ್ಟಿಗೆಯಂತೆ ಕತ್ತರಿಸಿ ತಂದು ಮನೆಯ ಮುಂದೆ ಒಟ್ಟುತ್ತಿದ್ದರು, ಬೇಕಾದಾಗ ಒಂದೊಂದು ತುಂಡು ಒಳಗೊಯ್ದು ಕರಗಿಸಿಕೊಳ್ಳುತ್ತಿದ್ದರು. ಇಂದಿಗೂ ಹಳ್ಳಿಗಳಲ್ಲಿ ಹಾಗೆಯೇ.

ಯೂರೋಪಿನ ಪಂಡಿತರು ಮಾತ್ರ ನಂಬಲಿಲ್ಲ. 1730ರ ದಶಕದಲ್ಲಿ ಯಾಕುತ್ಸ್ಕ್‌ಗೆ ಹೋಗಿ ಬಂದ ಜರ್ಮನ್ ಸಸ್ಯವಿಜ್ಞಾನಿ ಗ್ಮೆಲಿನ್ ಬರೆದಿದ್ದನ್ನು, ಮರಗಿಡ ಬೆಳೆಯುವ ನಾಡಿನಲ್ಲಿ ನೆಲ ಸದಾ ಹೆಪ್ಪುಗಟ್ಟಿರಲು ಸಾಧ್ಯವೇ ಇಲ್ಲವೆಂದು ಲಿಯೊಪೋಲ್ಡ್ ಫಾನ್ ಬುಕ್‌ನಂಥ ದೊಡ್ಡ ಭೂವಿಜ್ಞಾನಿಯೇ ತಳ್ಳಿಹಾಕಿದ. ನೆಲದ ಮೇಲೆ ಬದುಕುವವರ ಮಾತು ಪುಸ್ತಕ ಬರೆಯುವವರ ಕಿವಿಗೆ ತಲುಪಲು ಇನ್ನೂರು ವರ್ಷ ಬೇಕಾಯಿತು. ಈ ಚರಿತ್ರೆಯಲ್ಲಿ ಇದೇ ತಪ್ಪು ಮತ್ತೆ ಮತ್ತೆ ಆಗಿದೆ.

ಶೆರ್ಗಿನ್ ಬಾವಿಯ ಸುದ್ದಿ ಸೇಂಟ್ ಪೀಟರ್ಸ್‌ಬರ್ಗ್ ತಲುಪಿದಾಗ ವಿಜ್ಞಾನ ಅಕಾಡೆಮಿಯ ಕಾರ್ಲ್ ಅರ್ನ್ಸ್ಟ್ ಫಾನ್ ಬೇರ್ ಅದನ್ನು ಬಿಡದೆ ಹಿಡಿದ. ಸಸ್ತನಿಗಳ ಅಂಡಾಣುವನ್ನು ಮೊದಲು ಕಂಡವನು ಇವನೇ. ಸೈಬೀರಿಯಾದ ನೆಲದೊಳಗಿನ ಮಂಜಿನ ಮೇಲೆ ಇಡೀ ಪುಸ್ತಕವನ್ನೇ ಬರೆದ. ಅದು ಅಚ್ಚಾಗದೆ ಉಳಿದು, ಕೊನೆಗೆ 2001ರಲ್ಲಿ ಜರ್ಮನಿಯಲ್ಲಿ ಪ್ರಕಟವಾಯಿತು. ಅಳತೆ ತರಲು ಅಕಾಡೆಮಿ ಕಳಿಸಿದ್ದು ಅಲೆಕ್ಸಾಂಡರ್ ಮಿಡೆನ್‌ಡಾರ್ಫ್ ಎಂಬ ತರುಣನನ್ನು. ಅವನು ಮೊದಲು ಹೋದದ್ದು ಇನ್ನೂ ಉತ್ತರದ ತಾಯ್ಮಿರ್‌ಗೆ. 1843ರಲ್ಲಿ ಅಲ್ಲಿ ಕಾಯಿಲೆ ಬಿದ್ದು, ಸಂಗಡಿಗರನ್ನು ನೆರವು ತರಲು ಕಳಿಸಿ, ಹಿಮದ ನಡುವೆ ಹದಿನೆಂಟು ದಿನ ಒಬ್ಬನೇ ಕಳೆದ. ಬದುಕಿ ಬಂದವನು ಮರುವರ್ಷ ಯಾಕುತ್ಸ್ಕ್‌ಗೆ ಬಂದು ಶೆರ್ಗಿನ್ ಬಾವಿಗೆ ಇಳಿದ.

ಅವನು ಮಾಡಿದ ಕೆಲಸ ಸರಳ. ಬಾವಿಯೊಳಗಿನ ಗಾಳಿಯನ್ನು ಅಳೆದರೆ ಸುಳ್ಳು ಲೆಕ್ಕ ಬರುತ್ತದೆಂದು ಗೋಡೆಗೆ ಬೇರೆ ಬೇರೆ ಆಳದಲ್ಲಿ ಅಡ್ಡರಂಧ್ರ ಕೊರೆಸಿ ಅದರೊಳಗೆ ಉಷ್ಣಮಾಪಕ ಇರಿಸಿದ. ಮೇಲೆ ಹೆಚ್ಚು ಚಳಿ, ಕೆಳಗಿಳಿದಂತೆ ಕಡಿಮೆ, ತಳದಲ್ಲಿ ಸೊನ್ನೆಗಿಂತ ಸುಮಾರು 3 ಡಿಗ್ರಿ ಕೆಳಗೆ. ಆಳಕ್ಕೆ ಹೋದಂತೆ ಭೂಮಿಯ ಒಳಬಿಸಿ ಎಷ್ಟೆಷ್ಟು ಏರುತ್ತದೆಂಬ ಈ ಲೆಕ್ಕದಿಂದ, ಹೆಪ್ಪು ಸುಮಾರು 200 ಮೀಟರ್ ಆಳಕ್ಕೆ ಮುಗಿಯಬೇಕೆಂದು ಅವನು ಹೇಳಿದ. ಕಣ್ಣಿಗೆ ಕಾಣದ ತಳವನ್ನು ಕೆಲವು ಉಷ್ಣಮಾಪಕಗಳಿಂದ ಕಂಡುಹಿಡಿದ ಆ ಲೆಕ್ಕ ನನ್ನ ಮಟ್ಟಿಗೆ 19ನೆಯ ಶತಮಾನದ ಸುಂದರ ಕೆಲಸಗಳಲ್ಲಿ ಒಂದು. ಅವನು ಹೊರಟುಹೋದ ಮೇಲೂ ಊರಿನವರು ಉಷ್ಣಮಾಪಕಗಳನ್ನು ನೋಡಿ ಬರೆದಿಡುವುದನ್ನು ಮುಂದುವರಿಸಿದರು.

ಹೀಗೆ ಹೆಪ್ಪುಗಟ್ಟಿದ ನೆಲವನ್ನು ಇಂಗ್ಲಿಷಿನಲ್ಲಿ ಪರ್ಮಾಫ್ರಾಸ್ಟ್ ಅನ್ನುತ್ತಾರೆ. ಸುಲಭಕ್ಕೆ ಹೆಪ್ಪುನೆಲ ಎನ್ನೋಣ. ಸತತ ಎರಡು ವರ್ಷವಾದರೂ ಸೊನ್ನೆ ಡಿಗ್ರಿಯಲ್ಲಿ ಅಥವಾ ಅದಕ್ಕಿಂತ ಕೆಳಗೆ ಉಳಿದ ನೆಲ ಎಂಬುದು ಅದರ ಲಕ್ಷಣ. ರಷ್ಯಾದ ಅರ್ಧಕ್ಕೂ ಹೆಚ್ಚು ಭಾಗ, ಕೆನಡಾದ ಅರ್ಧದಷ್ಟು, ಅಲಾಸ್ಕಾದ ಬಹುಪಾಲು ಇಂಥ ನೆಲದ ಮೇಲಿದೆ. ಸಖಾ ಜನರ ನಾಡು ಯಾಕುತಿಯಾದ ಉತ್ತರದಲ್ಲಿ ಇದರ ದಪ್ಪ ಒಂದೂವರೆ ಕಿಲೋಮೀಟರಿನ ಹತ್ತಿರ ಹೋಗುತ್ತದೆ. ಮೇಲಿನ ಒಂದೆರಡು ಮೀಟರ್ ಮಾತ್ರ ಬೇಸಿಗೆಯಲ್ಲಿ ಕರಗಿ, ಅದರಲ್ಲೇ ಹುಲ್ಲು, ಲಾರ್ಚ್ ಮರಗಳು ಬೇರು ಹರಡಿ, ಚಳಿಗಾಲಕ್ಕೆ ಮತ್ತೆ ಗಟ್ಟಿಯಾಗುತ್ತದೆ.

ಇಪ್ಪತ್ತನೆಯ ಶತಮಾನದ ಹೊತ್ತಿಗೆ ರೈಲು ಬಂತು. ಸೈಬೀರಿಯಾದ ಉದ್ದಕ್ಕೂ ಹಳಿ ಹಾಕುತ್ತ ಬೈಕಲ್ ಸರೋವರದಿಂದ ಪೂರ್ವಕ್ಕೆ ಹೋದ ಎಂಜಿನಿಯರುಗಳಿಗೆ ಹೆಪ್ಪುನೆಲ ಪಾಠ ಕಲಿಸಿತು. ನಿಲ್ದಾಣ ಕಟ್ಟಿ ಒಳಗೆ ಒಲೆ ಹೊತ್ತಿಸಿದರೆ ಆ ಬಿಸಿಗೇ ಅಡಿಯ ನೆಲ ಕರಗಿ ಗೋಡೆ ಬಿರಿಯುತ್ತಿತ್ತು. ಚಳಿ ತಡೆಯಲು ಕಟ್ಟಿದ ಮನೆ, ಬೆಚ್ಚಗಿರುವುದರಿಂದಲೇ ಕುಸಿಯುತ್ತಿತ್ತು. ಅಮೂರ್ ಪ್ರಾಂತ್ಯದಲ್ಲಿ ಹವಾಮಾನ ಇಲಾಖೆಯ ಕೆಲಸದಲ್ಲಿದ್ದ ಮಿಖಾಯಿಲ್ ಸೂಮ್ಗಿನ್ ಇಂಥ ಅನುಭವಗಳನ್ನೆಲ್ಲ ಕೂಡಿಸಿ 1927ರಲ್ಲಿ ಪುಸ್ತಕ ಬರೆದರು. ಹೆಪ್ಪುನೆಲದ ವಿಜ್ಞಾನ ಬೇರೆಯದೇ ಶಾಸ್ತ್ರವಾಗಿ ನಿಂತದ್ದು ಅಲ್ಲಿಂದ. ರಷ್ಯನ್ ಭಾಷೆಯಲ್ಲಿ ಅದಕ್ಕೆ 'ವೆಚ್ನಾಯ ಮೆರ್ಜ್ಲತಾ' ಎಂಬ ಹೆಸರು ಗಟ್ಟಿಯಾಗಿ ನೆಲೆಗೊಂಡದ್ದೂ ಅವರಿಂದಲೇ. ವೆಚ್ನಾಯ ಎಂದರೆ ನಿತ್ಯ, ಶಾಶ್ವತ.

ಆ ವಿಶೇಷಣ ಜನರ ಮನಸ್ಸಿನಲ್ಲಿ ಬೇರೂರಿತು. ಸೂಮ್ಗಿನ್ ಸ್ವತಃ ಈ ನೆಲ ಹಿಮಯುಗದ ಉಳಿಕೆ, ನಿಧಾನವಾಗಿ ಕ್ಷಯಿಸುತ್ತಿದೆ ಎಂದು ತಿಳಿದಿದ್ದವರು. ಅವರ ನಂತರದ ವಿಜ್ಞಾನಿಗಳು 'ಶಾಶ್ವತ' ಬಿಟ್ಟು 'ಬಹುವರ್ಷಗಳ' ಎಂಬ ಮಾತನ್ನೇ ಬಳಸತೊಡಗಿದರು. ಆದರೆ ನಗರ ಕಟ್ಟುವವರಿಗೆ ಶಾಶ್ವತ ಎಂಬುದೇ ಹಿತವಾಗಿ ಕೇಳಿಸಿತು. ಯೆನಿಸೇ ನದಿಯ ಇಗಾರ್ಕಾ ಎಂಬ ಊರಿನಲ್ಲಿ ನೆಲದಡಿಯ ಪ್ರಯೋಗಾಲಯವೊಂದಿದೆ. ಅಲ್ಲಿನ ವಿಜ್ಞಾನಿಗಳು 1950ರಲ್ಲಿ ಮಹಾಯುದ್ಧ ಕಾಲದ ವೃತ್ತಪತ್ರಿಕೆಗಳನ್ನು ಪೆಟ್ಟಿಗೆಯಲ್ಲಿ ಭದ್ರಪಡಿಸಿ ಹೆಪ್ಪಿನೊಳಗೆ ಇಟ್ಟರು, 2045ರಲ್ಲಿ ತೆಗೆಯಿರಿ ಎಂದು ಬರೆದಿಟ್ಟರು. ನೂರು ವರ್ಷದ ಹಿಂದಿನ ಸುದ್ದಿಯನ್ನು ನೆಲ ಹಾಗೇ ಕಾಪಾಡಿಕೊಡುತ್ತದೆ ಎಂಬ ಭರವಸೆ ಅದು.

ಕಟ್ಟಡಗಳ ವಿಷಯಕ್ಕೆ ಬಂದರೆ, ಯಾಕುತ್ಸ್ಕ್‌ನಲ್ಲಿ 1930ರ ದಶಕದಲ್ಲಿ ವಿದ್ಯುತ್ ಸ್ಥಾವರ ಕಟ್ಟುವಾಗ ನೆಲಕ್ಕೂ ಕಟ್ಟಡಕ್ಕೂ ನಡುವೆ ಗಾಳಿಯಾಡುವ ಜಾಗ ಬಿಟ್ಟರು. ಚಳಿಗಾಲದ ಗಾಳಿ ಆ ಸಂದಿಯಲ್ಲಿ ಹಾದು ನೆಲವನ್ನು ತಣ್ಣಗಿಡುತ್ತದೆ, ಕಟ್ಟಡದ ಬಿಸಿ ಕೆಳಗೆ ತಟ್ಟುವುದಿಲ್ಲ. ಇದನ್ನೇ ಇಡೀ ನಗರದ ಅಳತೆಗೆ ಬೆಳೆಸಿದ್ದು ಧ್ರುವವೃತ್ತದಾಚೆಯ ನೊರಿಲ್ಸ್ಕ್‌ನಲ್ಲಿ. ನಿಕ್ಕಲ್ ಗಣಿಗಾಗಿ ಕೈದಿಗಳಿಂದ ಕಟ್ಟಿಸಿದ ಊರು ಅದು. ಸ್ಟಾಲಿನ್ ಕಾಲದಲ್ಲಿ ಬಂಧನಕ್ಕೊಳಗಾಗಿ ಅಲ್ಲಿಗೆ ಬಂದ ಕೊರಿಯನ್ ಮೂಲದ ಎಂಜಿನಿಯರ್ ಮಿಖಾಯಿಲ್ ಕಿಮ್, ನೆಲದಲ್ಲಿ ಆಳವಾದ ರಂಧ್ರ ಕೊರೆದು ಕಾಂಕ್ರೀಟ್ ಕಂಬ ಇಳಿಸುವ ವಿಧಾನವನ್ನು ಪಕ್ವಗೊಳಿಸಿದರು. ಸುತ್ತಲ ಮಣ್ಣು ಮತ್ತೆ ಹೆಪ್ಪುಗಟ್ಟಿ ಕಂಬವನ್ನು ಕಚ್ಚಿ ಹಿಡಿಯುತ್ತದೆ. ಸಿಮೆಂಟಿನಂಥ ಬಿಗಿ ಹಿಡಿತ. ಈ ವಿಧಾನಕ್ಕೆ 1966ರಲ್ಲಿ ಲೆನಿನ್ ಪ್ರಶಸ್ತಿ ಬಂತು. ಕೈದಿಯಾಗಿ ಬಂದವನ ವಿದ್ಯೆಯ ಮೇಲೆ ಒಂದೊಂದೇ ನಗರ ಎದ್ದು ನಿಂತಿತು. ಇಂದು ಯಾಕುತ್ಸ್ಕ್‌ನಲ್ಲಿ ಮೂರೂವರೆ ಲಕ್ಷಕ್ಕೂ ಹೆಚ್ಚು ಜನರಿದ್ದಾರೆ. ಬಹುಮಹಡಿ ಮನೆಗಳು ಕಂಬದ ಮೇಲೆ ನಿಂತಿವೆ, ನೀರು ಮತ್ತು ಬಿಸಿಯ ಕೊಳವೆಗಳು ಬೀದಿಯಲ್ಲಿ ನೆಲದ ಮೇಲೆಯೇ ಹರಿದಾಡುತ್ತವೆ.

ಈ ಜಾಣ್ಮೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಅದು ನಿಂತಿರುವುದು ಒಂದೇ ನಂಬಿಕೆಯ ಮೇಲೆ: ಮನೆಯ ಬಿಸಿಯನ್ನು ನೆಲದಿಂದ ದೂರವಿಟ್ಟರೆ ಸಾಕು, ಗಾಳಿ ತಣ್ಣಗೇ ಇರುತ್ತದೆ. ಗಾಳಿಯೇ ಬಿಸಿಯಾದರೆ ಏನು ಗತಿ ಎಂಬ ಪ್ರಶ್ನೆಗೆ ಆ ಲೆಕ್ಕದಲ್ಲಿ ಜಾಗವಿರಲಿಲ್ಲ.

ಗಾಳಿ ಬಿಸಿಯಾಯಿತು. 1960ರ ದಶಕದಿಂದೀಚೆಗಿನ ಅರ್ಧ ಶತಮಾನದಲ್ಲಿ ಯಾಕುತ್ಸ್ಕ್‌ನ ವಾರ್ಷಿಕ ಸರಾಸರಿ ತಾಪಮಾನ 2 ಡಿಗ್ರಿಗೂ ಹೆಚ್ಚು ಏರಿತು. 1979ರಿಂದ ನೋಡಿದರೆ ಆರ್ಕ್ಟಿಕ್ ಪ್ರದೇಶ ಜಗತ್ತಿನ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗದಲ್ಲಿ ಬಿಸಿಯಾಗಿದೆ. 2007ರಿಂದ 2016ರವರೆಗೆ ಜಗತ್ತಿನಾದ್ಯಂತ ಕೊರೆದ ರಂಧ್ರಗಳಲ್ಲಿ ಅಳೆದಾಗ ಹೆಪ್ಪುನೆಲದ ತಾಪಮಾನ ಸರಾಸರಿ 0.29 ಡಿಗ್ರಿ ಏರಿದ್ದು ಕಂಡಿತು. ಸಣ್ಣ ಅಂಕಿಯೆಂದು ಅನ್ನಿಸಬಹುದು. ಆದರೆ ಮೈನಸ್ ಐದರಲ್ಲಿದ್ದಾಗ ಕಂಬವನ್ನು ಬಿಗಿಯಾಗಿ ಹಿಡಿದ ನೆಲ, ಮೈನಸ್ ಎರಡಕ್ಕೆ ಬಂದಾಗಲೇ ಹಿಡಿತ ಸಡಿಲಿಸುತ್ತದೆ. ಪೂರ್ತಿ ಕರಗುವವರೆಗೆ ಕಾಯುವುದಿಲ್ಲ.

ಹಳ್ಳಿಗಳಲ್ಲಿ ಇದರ ಮುಖ ಇನ್ನೂ ಸ್ಪಷ್ಟ. ಅಲ್ಲಿಯ ಹೆಪ್ಪುನೆಲದಲ್ಲಿ ಬರಿಯ ಹೆಪ್ಪುಗಟ್ಟಿದ ಮಣ್ಣಿಲ್ಲ. ಕಡುಚಳಿಗೆ ನೆಲ ಬಿರುಕು ಬಿಡುತ್ತದೆ, ವಸಂತದಲ್ಲಿ ಕರಗಿದ ಹಿಮದ ನೀರು ಆ ಬಿರುಕಿಗಿಳಿದು ಗಟ್ಟಿಯಾಗುತ್ತದೆ, ಮರುವರ್ಷ ಅದೇ ಜಾಗ ಮತ್ತೆ ಬಿರಿಯುತ್ತದೆ. ಸಾವಿರಾರು ವರ್ಷ ಹೀಗೆ ನಡೆದು ನೆಲದೊಳಗೆ ಗೋಡೆಗಳಂತೆ ಮಂಜುಗಡ್ಡೆ ಬೆಳೆದಿದೆ, ಕೆಲವು ಕಡೆ ಮಣ್ಣಿಗಿಂತ ಮಂಜೇ ಹೆಚ್ಚು. ಇದು ಕರಗಿದಾಗ ನೆಲ ಒಂದೇ ಸಮನೆ ತಗ್ಗುವುದಿಲ್ಲ, ಮಂಜಿನ ಗೋಡೆಯಿದ್ದ ಕಡೆ ಕುಸಿದು ನಡುವೆ ದಿಬ್ಬಗಳು ಉಳಿಯುತ್ತವೆ. ಸಖಾ ಜನ ಅದನ್ನು ಬೈಲಾರ್ ಎನ್ನುತ್ತಾರೆ. ಲೇನಾದ ಪೂರ್ವಕ್ಕಿರುವ ಚುರಾಪ್ಚಾದಲ್ಲಿ ಹಿಂದೆ ವಿಮಾನ ಇಳಿಯುತ್ತಿದ್ದ ಸಮತಟ್ಟು ಮೈದಾನ ಈಗ ಇಂಥ ದಿಬ್ಬಗಳ ಬಯಲು.

ಇಲ್ಲೊಂದು ಮಾತು ಸೇರಿಸಬೇಕು. ಸಖಾ ಜನರ ಬದುಕೇ ಕರಗಿದ ನೆಲದ ಕೊಡುಗೆ. ಹಿಮಯುಗ ಮುಗಿದ ಕಾಲದಲ್ಲಿ ಕೆಲವೆಡೆ ಹೆಪ್ಪು ಕರಗಿ ತಗ್ಗಾಗಿ, ಕೆರೆಯಾಗಿ, ಕೆರೆ ಬತ್ತಿ, ಕಾಡಿನ ನಡುವೆ ದುಂಡನೆಯ ಹುಲ್ಲುಗಾವಲುಗಳಾದವು. ಅವನ್ನು ಅಲಾಸ್ ಎನ್ನುತ್ತಾರೆ. ಹುಲ್ಲು, ಕೆರೆ, ಕುದುರೆ, ಮನೆ ಎಲ್ಲವೂ ಅಲಾಸ್‌ನಲ್ಲೇ. ಆದ್ದರಿಂದ ಕರಗುವುದೆಲ್ಲ ಕೇಡು ಎಂದು ಅಲ್ಲಿನವರಿಗೆ ಹೇಳಲಾಗದು. ಆದರೆ ಅಲಾಸ್ ಆಗಲು ಸಾವಿರಾರು ವರ್ಷ ಹಿಡಿಯಿತು. ಬೈಲಾರ್ ಒಬ್ಬ ಮನುಷ್ಯನ ಆಯಸ್ಸಿನಲ್ಲೇ ಅವನ ಹಿತ್ತಿಲನ್ನು ನುಂಗುತ್ತಿದೆ.

ವೆರ್ಖೊಯಾನ್ಸ್ಕ್ ಜಿಲ್ಲೆಯ ಬತಗಾಯ್‌ನಲ್ಲಿ ಈ ವೇಗವನ್ನು ಕಣ್ಣಾರೆ ನೋಡಬಹುದು. 1960ರ ದಶಕದಲ್ಲಿ ಅಲ್ಲಿ ಬೆಟ್ಟದ ಇಳಿಜಾರಿನ ಕಾಡು ಕಡಿದರು. ನೆರಳಿಲ್ಲದ ನೆಲ ಬಿಸಿಲಿಗೆ ತೆರೆದುಕೊಂಡಿತು, ಸಣ್ಣ ಕೊರಕಲು ಬಿತ್ತು. ಕೊರಕಲಿನ ಅಂಚಿನ ಮಂಜು ಕರಗಿ ಮಣ್ಣು ಜಾರಿತು, ಜಾರಿದ ಕಡೆ ಹೊಸ ಮಂಜು ಬಿಸಿಲಿಗೆ ಬಿತ್ತು. ಹೀಗೆ ತನ್ನಷ್ಟಕ್ಕೆ ಬೆಳೆದ ಆ ಕೊರಕಲು ಇಂದು ಸುಮಾರು ಒಂದು ಕಿಲೋಮೀಟರ್ ಉದ್ದದ ಕಮರಿ. ಅದರ ಕಡಿದಾದ ಗೋಡೆ ವರ್ಷಕ್ಕೆ ಹತ್ತು ಮೀಟರಿಗೂ ಹೆಚ್ಚು ಹಿಂದೆ ಸರಿಯುತ್ತಿದೆ. ತಳದಲ್ಲಿ ಕಾಣುವ ಪದರ ಆರು ಲಕ್ಷ ವರ್ಷಕ್ಕಿಂತ ಹಳೆಯದು. 2018ರಲ್ಲಿ ಇಲ್ಲೇ ನಲವತ್ತು ಸಾವಿರ ವರ್ಷಕ್ಕೂ ಹಳೆಯದಾದ ಕುದುರೆಮರಿ ಕೂದಲು, ಗೊರಸು ಸಮೇತ ಸಿಕ್ಕಿತು. ಆರು ಲಕ್ಷ ವರ್ಷಗಳಲ್ಲಿ ಇವತ್ತಿನಷ್ಟು ಅಥವಾ ಇನ್ನೂ ಬೆಚ್ಚಗಿದ್ದ ಕಾಲಗಳನ್ನೂ ದಾಟಿ ಉಳಿದು ಬಂದ ಹೆಪ್ಪು, ಕಾಡಿನ ಹೊದಿಕೆ ಕಿತ್ತ ಅರವತ್ತು ವರ್ಷಕ್ಕೆ ಉಳಿಯಲಿಲ್ಲ.

2020ರಲ್ಲಿ ಎರಡು ಘಟನೆಗಳು ಒಂದರ ಹಿಂದೊಂದು ಬಂದವು. ಮೇ 29ರಂದು ನೊರಿಲ್ಸ್ಕ್‌ನ ವಿದ್ಯುತ್ ಸ್ಥಾವರದ ತೈಲದ ಟ್ಯಾಂಕು ಬಿರಿದು ಇಪ್ಪತ್ತು ಸಾವಿರ ಟನ್ನಿಗೂ ಹೆಚ್ಚು ಡೀಸೆಲ್ ಹೊರಚೆಲ್ಲಿತು. ಅಂಬರ್ನಾಯ ನದಿ ಕೆಂಪಾಗಿ ಹರಿದ ಚಿತ್ರವನ್ನು ಉಪಗ್ರಹಗಳು ತೆಗೆದವು. ಅಡಿಯ ಹೆಪ್ಪು ಕರಗಿ ಕಂಬ ಕುಸಿಯಿತು ಎಂದು ಸ್ಥಾವರದ ಕಂಪನಿ ಹೇಳಿತು. ನಿರ್ಮಾಣ ಮತ್ತು ನಿರ್ವಹಣೆಯಲ್ಲೇ ದೋಷವಿತ್ತು ಎಂದು ಸರ್ಕಾರದ ತನಿಖೆ ಹೇಳಿತು. ನ್ಯಾಯಾಲಯ 14,600 ಕೋಟಿ ರೂಬಲ್ ಪರಿಹಾರ ವಿಧಿಸಿತು. ಅದಾಗಿ ಮೂರು ವಾರಕ್ಕೆ, ಜೂನ್ 20ರಂದು, ವೆರ್ಖೊಯಾನ್ಸ್ಕ್‌ನಲ್ಲಿ 38 ಡಿಗ್ರಿ ದಾಖಲಾಯಿತು. ಧ್ರುವವೃತ್ತದ ಉತ್ತರಕ್ಕೆ ಅಷ್ಟು ಬಿಸಿ ಹಿಂದೆಂದೂ ದಾಖಲಾಗಿರಲಿಲ್ಲ. ನಮ್ಮ ಕಲಬುರಗಿ, ರಾಯಚೂರಿನ ಬೇಸಿಗೆಗೆ ಹೊಂದುವ ಅಂಕಿ ಅದು. 1892ರಲ್ಲಿ ಇದೇ ಊರು ಸೊನ್ನೆಗಿಂತ 67.8 ಡಿಗ್ರಿ ಕೆಳಗಿನ ಚಳಿ ಕಂಡಿತ್ತು.

ನೊರಿಲ್ಸ್ಕ್‌ನ ಈ ಜಗಳ ನೋಡುವಾಗ ಯಮಾಲ್‌ನ 2016ರ ಬೇಸಿಗೆ ನೆನಪಾಗುತ್ತದೆ. ನೆನೆತ್ಸ್ ಜನ ಹಿಮಸಾರಂಗ ಮೇಯಿಸುವ ಆ ಪರ್ಯಾಯ ದ್ವೀಪದಲ್ಲಿ ಬಿಸಿ 35 ಡಿಗ್ರಿ ಮುಟ್ಟಿತು. ಹಿಂದೆಂದೋ ಆಂಥ್ರಾಕ್ಸ್‌ನಿಂದ ಸತ್ತ ಸಾರಂಗಗಳಿದ್ದ ಮಣ್ಣು ಕರಗಿ ರೋಗಾಣು ಎದ್ದಿತು. ಎರಡು ಸಾವಿರಕ್ಕೂ ಹೆಚ್ಚು ಸಾರಂಗಗಳು ಸತ್ತವು, ಹನ್ನೆರಡು ವರ್ಷದ ಒಬ್ಬ ಹುಡುಗ ತೀರಿಕೊಂಡ. 1941ರ ನಂತರ ಆ ಭಾಗದಲ್ಲಿ ಕಾಣಿಸದ ರೋಗವೆಂದು ಸಾರಂಗಗಳಿಗೆ ಲಸಿಕೆ ಹಾಕುವುದನ್ನು 2007ರಲ್ಲಿ ನಿಲ್ಲಿಸಿದ್ದರು. ಎರಡೂ ಕಡೆ ತಪ್ಪು ಕರಗಿದ ನೆಲದ್ದು ಮಾತ್ರವಲ್ಲ. ನೆಲ ಹಾಗೇ ಇರುತ್ತದೆ ಎಂದು ನಂಬಿ ಎಚ್ಚರ ಸಡಿಲಿಸಿದವರದ್ದೂ ಹೌದು. ಶಾಶ್ವತ ಎಂಬ ಮಾತಿಗೆ ತೆತ್ತ ಬೆಲೆ ಎಂದೇ ನಾನು ಇದನ್ನು ಓದುತ್ತೇನೆ.

ಇಷ್ಟರವರೆಗೆ ಇದು ಉತ್ತರದವರ ಸಂಕಟ. ಎಲ್ಲರ ಲೆಕ್ಕವೂ ಇದರೊಳಗಿದೆ ಎಂದು ತೋರಿಸಿದವರಲ್ಲಿ ಮುಖ್ಯರು ಕೊಲಿಮಾ ನದಿಯ ಚೆರ್ಸ್ಕಿ ಎಂಬ ಸಣ್ಣ ಊರಿನಲ್ಲಿ ಸಂಶೋಧನಾ ಕೇಂದ್ರ ನಡೆಸಿದ ಸೆರ್ಗೇ ಜಿಮೋವ್. ಹಿಮಯುಗದಲ್ಲಿ ಬೃಹದ್ಗಜಗಳು, ಕಾಡೆಮ್ಮೆಗಳು ಮೇದ ಹುಲ್ಲುಗಾವಲಿನ ಬೇರು, ಎಲೆ, ಸಗಣಿ ಕೊಳೆಯುವ ಮೊದಲೇ ಹೆಪ್ಪುಗಟ್ಟಿ ನೆಲದಲ್ಲುಳಿದಿವೆ. ಕರಗಿದರೆ ಸೂಕ್ಷ್ಮಜೀವಿಗಳು ಅವನ್ನು ತಿನ್ನತೊಡಗುತ್ತವೆ, ಗಾಳಿಯಿದ್ದ ಕಡೆ ಇಂಗಾಲದ ಡೈಆಕ್ಸೈಡ್, ಕೆರೆಯ ಕೆಸರಿನಲ್ಲಿ ಮೀಥೇನ್ ಏಳುತ್ತದೆ. 2006ರಲ್ಲಿ ಜಿಮೋವ್ ಮತ್ತು ಅಮೆರಿಕದ ಸಂಗಡಿಗರು ಈ ಮಾತನ್ನು ಸೈನ್ಸ್ ಪತ್ರಿಕೆಯಲ್ಲಿ ಬರೆದರು. ಈಗಿನ ಅಂದಾಜಿನಂತೆ ಉತ್ತರದ ಹೆಪ್ಪುನೆಲದಲ್ಲಿರುವ ಇಂಗಾಲ ಸುಮಾರು ಒಂದೂವರೆ ಲಕ್ಷ ಕೋಟಿ ಟನ್, ಇಡೀ ವಾತಾವರಣದಲ್ಲಿರುವುದರ ಸುಮಾರು ಎರಡು ಪಟ್ಟು. ಅದೆಲ್ಲ ಒಮ್ಮೆಲೇ ಹೊರಬರುವುದಿಲ್ಲ. ದಶಕ, ಶತಮಾನಗಳಲ್ಲಿ ಸೋರುತ್ತದೆ. ಆದರೆ ಸೋರಿದ್ದನ್ನು ಮತ್ತೆ ನೆಲಕ್ಕೆ ತುಂಬುವ ದಾರಿ ನಮ್ಮ ಬಳಿ ಇಲ್ಲ. ಅದು ಸೇರುವುದು ನಾವೂ ಉಸಿರಾಡುವ ಗಾಳಿಗೇ.

ನೆಲ ಎಷ್ಟು ಕರಗುತ್ತಿದೆ, ಎಲ್ಲಿ, ಯಾವ ವೇಗದಲ್ಲಿ ಎಂದು ತಿಳಿಯಲು ಮುಖ್ಯ ಮಾರ್ಗ, ಮಿಡೆನ್‌ಡಾರ್ಫ್ ಮಾಡಿದ್ದು: ನೆಲಕ್ಕೆ ಉಷ್ಣಮಾಪಕ ಇಳಿಸಿ ವರ್ಷವರ್ಷವೂ ಓದುವುದು. ಯಾಕುತ್ಸ್ಕ್‌ನಲ್ಲಿ 1960ರಲ್ಲಿ ಹೆಪ್ಪುನೆಲಕ್ಕೆಂದೇ ಸಂಸ್ಥೆಯೊಂದು ಹುಟ್ಟಿತು, ಅದರ ಸ್ಥಾಪಕ ಪಾವೆಲ್ ಮೆಲ್ನಿಕೋವ್ ಹೆಸರನ್ನು ಅದಕ್ಕಿಟ್ಟಿದ್ದಾರೆ. 2018ರಲ್ಲಿ ಸಖಾ ಗಣರಾಜ್ಯ, ಅಂದರೆ ಯಾಕುತಿಯಾ, ಹೆಪ್ಪುನೆಲವನ್ನು ಕಾಪಾಡಲು ಕಾನೂನನ್ನೇ ಮಾಡಿತು. 1990ರ ದಶಕದಿಂದ ರಷ್ಯಾ, ಅಮೆರಿಕ, ಕೆನಡಾ, ಯೂರೋಪಿನವರು ತಮ್ಮ ರಂಧ್ರಗಳ ಅಂಕಿಗಳನ್ನು ಹಂಚಿಕೊಳ್ಳುವ ಪದ್ಧತಿ ಬೆಳೆದಿತ್ತು. 2022ರ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ಆರಂಭವಾದ ಮೇಲೆ ಆ ಹಂಚಿಕೆ ಬಹುಮಟ್ಟಿಗೆ ಮುರಿದುಬಿತ್ತು. ರಷ್ಯಾದ ಕೇಂದ್ರಗಳನ್ನು ಬಿಟ್ಟು ಆರ್ಕ್ಟಿಕ್‌ನ ಲೆಕ್ಕ ಹಾಕಿದರೆ ಅದು ವಾಸ್ತವದಿಂದ ದೂರ ಸರಿಯುತ್ತದೆಂದು 2024ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಹೆಪ್ಪುನೆಲ ಎಲ್ಲಕ್ಕಿಂತ ಹೆಚ್ಚು ಇರುವ ದೇಶದ ಪುಟವೇ ಹರಿದುಹೋದರೆ ಆಗುವುದು ಅದೇ. ಸರ್ಕಾರಗಳ ಜಗಳ ಮುಗಿಯುವವರೆಗೆ ನೆಲ ಕಾಯುವುದಿಲ್ಲ. ಯುದ್ಧದ ತಪ್ಪೊಪ್ಪುಗಳ ತೀರ್ಮಾನ ಏನೇ ಇರಲಿ, ಉಷ್ಣಮಾಪಕದ ಅಂಕಿಗಳಿಗಾದರೂ ಗಡಿ ದಾಟಲು ದಾರಿ ತೆರೆಯಬೇಕು.

ಶೆರ್ಗಿನ್ ಬಾವಿ ಇಂದಿಗೂ ಯಾಕುತ್ಸ್ಕ್‌ನ ನಡುವೆ, ಮರದ ಸಣ್ಣ ಮನೆಯೊಂದರ ಸೂರಿನಡಿ ಇದೆ.